ನೀಲಿ ಮುಚ್ಚಳ

ಸೀಮೆಸುಣ್ಣದ ಬಾಣ, ಶಾಲೆಯ ಗೋಡೆಯ ಮೇಲೆ, ಎಡಕ್ಕೆ ತೋರಿಸುತ್ತಿದೆ — ಅಲ್ಲ, ಬಾಣ ಎರಡಿವೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ, ಎರಡರ ಕೆಳಗೂ ಏನೋ ಬರೆದಿದ್ದಾರೆ, ಬರೆದವನ ಕೈ ಸೇದಿಹೋಗಲಿ, ಯಂಕಮ್ಮನಿಗೆ ತೆಲುಗು ಓದಲು ಬರುವುದಿಲ್ಲ, ಕನ್ನಡವೂ ಅಷ್ಟೇ, ಒಂದು ಚಿತ್ರವನ್ನಾದರೂ ಬರೆಯಬಾರದಿತ್ತೇ, ಕುಡಿದು ಬಿದ್ದವನ ಚಿತ್ರ ಒಂದು ಕಡೆ, ಅಳುತ್ತ ಕೂತವಳ ಚಿತ್ರ ಇನ್ನೊಂದು ಕಡೆ, ಆದರೆ ಕುಡಿದು ಬಿದ್ದವಳು ಯಾವ ಕಡೆ ಹೋಗಬೇಕು, ಅದಕ್ಕೆ ಮೂರನೆಯ ಬಾಣ ಬೇಕಾಗುತ್ತದೆ. ಬಾಯಿ ಒಣಗಿದೆ. ನಿನ್ನೆ ಸಂಜೆಯಿಂದ ಹನಿ ಸೇಂದಿ ಇಳಿದಿಲ್ಲ, ಕೈ ನಡುಗುವುದು ಕಾಣಬಾರದೆಂದು ಸೆರಗಿನೊಳಗೆ ಹುದುಗಿಸಿಕೊಂಡಿದ್ದಾಳೆ, ಮೀಟಿಂಗಿಗೆ ಕುಡಿದು ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಗುಡಿಗೆ ಹೋಗುವಾಗ ಯಾರಾದರೂ ಹೇಳುತ್ತಾರೆಯೇ, ಆದರೆ ಇದು ಗುಡಿಯೋ ಪಂಚಾಯಿತಿಯೋ ದವಾಖಾನೆಯೋ ಇನ್ನೂ ತಿಳಿದಿಲ್ಲ. ಎಲ್ಲಿ ಹೋಗಬೇಕಂತ, ಎಂದು ಹಿಂದಿನಿಂದ ಹುಲಗೇಶ ಕೇಳುತ್ತಾನೆ, ಅವಳ ಗಂಡ, ಗಚ್ಚಿಬೌಲಿಯ ಗಾಜಿನ ಕಟ್ಟಡಕ್ಕೆ ಕಬ್ಬಿಣದ ಸರಳು ಬಗ್ಗಿಸುವ ಆಳು, ಕೊರಳಲ್ಲಿ ತುಳಸಿಮಾಲೆ, ಪಂಢರಪುರಕ್ಕೆ ನಡೆದುಕೊಂಡು ಹೋಗಿ ಹಾಕಿಸಿಕೊಂಡು ಬಂದದ್ದು, ಅಂದಿನಿಂದ ಮಾಂಸವಿಲ್ಲ, ಸೇಂದಿಯಿಲ್ಲ, ಸುಳ್ಳಿಲ್ಲ. ಮಾಂಸ ಸೇಂದಿ ಹೋಗಲಿ, ಸುಳ್ಳಿಲ್ಲ ಎನ್ನುವುದೇ ದೊಡ್ಡ ತಲೆನೋವು. ನಿನ್ನ ಹೆಂಡ್ತಿ ಯಾಕ ಕೆಲಸಕ್ಕ ಬಂದಿಲ್ಲೋ ಎಂದು ಮೇಸ್ತ್ರಿ ಕೇಳಿದರೆ, ಕುಡದು ಮಕ್ಕೊಂಡಾಳ್ರಿ ಎಂದು ಎಲ್ಲರೆದುರು ನೆಟ್ಟಗೆ ಹೇಳಿಬಿಡುತ್ತಾನೆ ಪುಣ್ಯಾತ್ಮ, ಜ್ವರ ಅನ್ನಬಾರದೇ, ಲೋಕದಲ್ಲಿ ಜ್ವರ ಎಂಬುದೊಂದು ಯಾಕಿದೆ.

ಹೋದ ಭಾನುವಾರ ನಾಂಪಲ್ಲಿಗೆ ಒಬ್ಬಳೇ ಹೋಗಿದ್ದಳು, ಸ್ಟೇಷನ್ನಿನ ಹಿಂದೆ, ಮಾಳಿಗೆಯ ಮೇಲೆ, ಮೆಟ್ಟಿಲು ಹತ್ತುವಾಗಲೇ ಬೀಡಿ ವಾಸನೆ, ಒಳಗೆಲ್ಲ ಗಂಡಸರು, ಅವಳನ್ನು ಕಂಡದ್ದೇ ಎಲ್ಲರೂ ಲುಂಗಿ ಸರಿಪಡಿಸಿಕೊಂಡರು, ದೊಡ್ಡ ಗಡ್ಡದವನೊಬ್ಬ ಎದ್ದು ಬಂದು ಬಹಳ ಮರ್ಯಾದೆಯಿಂದ, ಅಮ್ಮಾ, ಲೇಡೀಸ್ ಕಾ ಇಧರ್ ನಹೀ, ಮೆಹದಿಪಟ್ಟಣಂ ಜಾವೋ, ಉಧರ್ ಫ್ಯಾಮಿಲಿ ಕಾ ಅಲಗ್ ಕಮರಾ ಹೈ, ಎಂದ, ಅವಳಿಗೆ ಅರ್ಧ ತಿಳಿಯಿತು, ಇಲ್ಲಿ ಅಲ್ಲ ಎನ್ನುವ ಅರ್ಧ. ಇಳಿದು ನೇರ ಸೇಂದಿ ಕಾಂಪೌಂಡಿಗೆ ಹೋದಳು. ಅಲ್ಲಿ ಯಾರೂ ಇಲ್ಲಿ ಅಲ್ಲ ಅಮ್ಮಾ ಎನ್ನಲಿಲ್ಲ. ಅಲ್ಲಿ ಹೆಂಗಸರೂ ಗಂಡಸರೂ ಒಂದೇ ಬೆಂಚು, ಕಲಬುರ್ಗಿಯವರು ಪಾಲಮೂರಿನವರು ಒಂದೇ ಬೆಂಚು, ಕುಡಿಯಲು ಎಲ್ಲರಿಗೂ ಒಂದೇ ಜಾಗ, ಬಿಡಲು ಮಾತ್ರ ಕುಡಿಯುವ ಗಂಡಸರಿಗೊಂದು ಕಮರಾ, ಅವರ ಮನೆಯವರಿಗೊಂದು ಕಮರಾ. ತಪ್ಪು ಅವಳದೇ ಇರಬೇಕು, ದವಾಖಾನೆಯಲ್ಲಿ ಪ್ರಫುಲ್ಲಾ ಸಿಸ್ಟರು ಅಷ್ಟು ಬಿಡಿಸಿ ಕೇಳಿದ್ದರು, ಕನ್ನಡದವರೇ, ಕುಷಾಯಿಗೂಡದಿಂದ ಬಸ್ಸಿನಲ್ಲಿ ಬರುವವರು, ಯಜಮಾನರು ಅಲ್ಲಿನ ದೊಡ್ಡ ಕಾರ್ಖಾನೆಯಲ್ಲಿದ್ದಾರಂತೆ, ಮಗೂಗೆ ಏನಮ್ಮ ಕುಡಿಸಿದ್ರಿ, ಕಣ್ಣೇ ಬಿಡ್ತಿಲ್ವಲ್ಲ, ಮನೇಲಿ ಯಾರು ಕುಡಿಯೋದು — ಯಾರು ಕುಡಿಯೋದು ಎಂದರೆ ಏನು ಹೇಳುವುದು, ನಾನು ಎನ್ನಬೇಕಿತ್ತು, ನಮ್ಮನ್ಯಾಗ ಕುಡಿಯೋದು ಐತ್ರಿ ಬಾಯಾರ, ಎಂದಳು, ಸುಳ್ಳಂತೂ ಅಲ್ಲ. ಅಷ್ಟರಲ್ಲಿ ಔಷಧ ತರಲು ಹೋದ ಹುಲಗೇಶ ಬಾಗಿಲಿಗೆ ಬಂದ, ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ಕೂತು ಕಣ್ಣು ಕೆಂಪಾಗಿದ್ದವು, ಸಿಸ್ಟರು ಆ ಕಣ್ಣು ನೋಡಿದರು, ಹೂಂ ಎಂದರು, ಯಜಮಾನ್ರನ್ನ ಮೀಟಿಂಗಿಗೆ ಕರ್ಕೊಂಡು ಹೋಗಮ್ಮ, ಕುಡಿತ ಬಿಟ್ಟವರೇ ಸೇರಿಕೊಂಡು ನಡೆಸ್ತಾರೆ, ನಾಂಪಲ್ಲೀಲಿದೆ, ಮೆಹದಿಪಟ್ಟಣಂನಲ್ಲಿದೆ, ಎಲ್ಲರೆದುರು ಎದ್ದುನಿಂತು ಒಪ್ಪಿಕೊಂಡ್ರೆ ಅರ್ಧ ವಾಸಿ ಆದಹಾಗೆ. ಪಾಪ ಹುಲಗೇಶ, ಸಿಸ್ಟರಿಗೆ ಕೈ ಮುಗಿದ.

ದವಾಖಾನೆಗೆ ಓಡಿದ ದಿನದ ಹಿಂದಿನ ದಿನ ಸ್ಲ್ಯಾಬು ಹಾಕುವುದಿತ್ತು. ಬೆಳಗಿನಿಂದ ಸಂಜೆಯ ತನಕ ಹೆಂಗಸರ ಸಾಲು, ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ, ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ನಿಲ್ಲುವ ಹಾಗಿಲ್ಲ, ನಿಂತರೆ ಮಾಲು ಗಟ್ಟಿಯಾಗುತ್ತದೆ, ಮೊಲೆ ಕಟ್ಟಿಕೊಂಡರೂ ನಿಲ್ಲುವ ಹಾಗಿಲ್ಲ, ಕೂಸುಗಳೆಲ್ಲ ಕಂಬಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಅತ್ತರೆ ಯಾರು ನೋಡುತ್ತಾರೆ, ಅದಕ್ಕೇ ಒಂದು ಮುಚ್ಚಳ ಸೇಂದಿ, ಎಲ್ಲರೂ ಕುಡಿಸುತ್ತಾರೆ, ಅತ್ತಿಗೆ ಬಂಡೆಮ್ಮ, ಹುಲಗೇಶನ ಅಕ್ಕ, ತನ್ನವು ನಾಲ್ಕನ್ನೂ ಹಾಗೆಯೇ ಮಲಗಿಸಿ ದೊಡ್ಡವು ಮಾಡಿದಳು, ಅದೇನೂ ಹೊಸದಲ್ಲ. ಬಾಟಲಿ ಕಂಪ್ಯೂಟರಿನವರದು, ಪಕ್ಕದ ಕಟ್ಟಡದ ಹುಡುಗರು ನೀರು ಕುಡಿದು ಎಸೆದದ್ದು, ನೀಲಿ ಮುಚ್ಚಳ, ತಿಳಿನೀಲಿ, ತಿರುಗಿಸಿದರೆ ಕಟಕಟ ಎನ್ನುವ ಮುಚ್ಚಳ, ತೊಳೆದು ಸೇಂದಿ ತುಂಬಿಸಿಟ್ಟುಕೊಂಡರೆ ದಿನವೆಲ್ಲ ಸಾಗುತ್ತದೆ. ಸ್ಲ್ಯಾಬು ಮುಗಿದ ಮೇಲೆ ಮೇಸ್ತ್ರಿ ಕುರಿ ಕೊಯ್ಯಿಸಿದ, ಸೇಂದಿ ತರಿಸಿದ, ಪದ್ಧತಿ ಅದು, ಅಷ್ಟು ದೊಡ್ಡ ಗಾಜಿನ ಕಟ್ಟಡ ಕಟ್ಟಿಸುವವರೂ ಆ ಪದ್ಧತಿ ಮುರಿಯುವುದಿಲ್ಲ, ಉಳಿದ ಹೆಂಗಸರು ಮೈನೋವಿಗೆ ಎರಡು ಲೋಟ ಕುಡಿದು ಎದ್ದುಹೋಗಿ ರೊಟ್ಟಿ ಬಡಿದರು, ಯಂಕಮ್ಮ ಏಳಲಿಲ್ಲ, ಏಳುವುದು ಬಿಟ್ಟು ಎಷ್ಟು ದಿನವಾಯಿತು, ಕೂಸು ಗುರುದೇವಿ ಅತ್ತಳು, ಒಂದು ಮುಚ್ಚಳ, ಮತ್ತೆ ಅತ್ತಳು, ಇನ್ನೊಂದು, ಆಮೇಲೆ ಯಾರು ಅತ್ತರು ಯಾರು ಕುಡಿದರು ನೆನಪಿಲ್ಲ, ನೆನಪಿರುವುದು ಕೂಸಿನ ಬಾಯಿ, ಕಣ್ಣು ಮುಚ್ಚಿಕೊಂಡು ಬಾಯಿ ತೆರೆದು ನಾಲಿಗೆ ಮುಂದೆ ಚಾಚುತ್ತಿತ್ತು, ನಾಲಿಗೆಯ ತುದಿಯಲ್ಲಿ ನೀಲಿ ಮುಚ್ಚಳ.

ದೇವರು ದೊಡ್ಡವನು, ಕೂಸು ಕಣ್ಣು ಬಿಟ್ಟಿತು. ಬಿಟ್ಟ ಮೇಲೆ ಬಂಡೆಮ್ಮ ಎತ್ತಿಕೊಂಡು ಹೋದಳು, ಸಾಲಿನ ಕೊನೆಯ ತಗಡಿನ ಮನೆ ಅವಳದು, ನಮ್ಮ ಹುಲಗ್ಯಾನ ಕೂಸಿದು, ನಿನ್ನ ಕೈಯಾಗ ಕೊಡಂಗಿಲ್ಲ ನಾ, ಎಂದಳು, ನೀನೂ ಕುಡಿಸೀಯಲ್ಲ ಯವ್ವಾ ಎಂದರೆ, ನಾ ಕೂಸು ಮಲಗಲಿ ಅಂತ ಕುಡಿಸೀನಿ, ನೀ ಕುಡಿಯಾಕ ಕೂಸು ಮಲಗಿಸೀದಿ, ಎಂದಳು, ಎಷ್ಟು ಸಲೀಸಾಗಿ ಎರಡನ್ನೂ ಬೇರೆ ಮಾಡಿ ಇಟ್ಟಳು. ನಾಳೆ ಬೆಳಗಿನ ಬಸ್ಸಿಗೆ ಬಂಡೆಮ್ಮ ಊರಿಗೆ ಹೊರಟಿದ್ದಾಳೆ, ಮಗಳ ಬಾಣಂತನ, ಹೋದರೆ ಯಾವಾಗ ಬರುತ್ತಾಳೋ, ಬರುತ್ತಾಳೋ ಇಲ್ಲವೋ, ಗುರುದೇವಿಯನ್ನೂ ಕರೆದುಕೊಂಡು ಹೋಗುತ್ತಾಳಂತೆ, ಕೊನೆಗೆ ಒಂದು ಮಾತು ಬಿಟ್ಟುಕೊಟ್ಟಳು, ಆ ಮೀಟಿಂಗಿಗೆ ಹೋಗು, ನಾಲ್ಕು ಮಂದಿ ಮುಂದ ನಿಂತು ಒಪ್ಕೊಂಡು ಬಾ, ನಮ್ಮ ಹುಲಗ್ಯಾ ಕಿವಿಯಾರೆ ಕೇಳಿ ಬಂದು ನನಗ ಹೇಳಲಿ, ಅವ ಸುಳ್ಳ ಹೇಳಂಗಿಲ್ಲ, ಅವ ಹೂಂ ಅಂದ್ರ ಕೂಸು ನಿನ್ನ ಮಗ್ಗಲಾಗ ಮಲಗಿಸೇ ನಾ ಬಸ್ ಹತ್ತತೀನಿ. ಇವತ್ತು ಮುಂಜಾನೆ ಹೊರಡುವ ಮೊದಲು ಹೋಗಿ ನೋಡಿದಳು, ಕೂಸಿಗೆ ಹೊಸ ಕುಬಸ ಹಾಕಿ ಕಾಡಿಗೆ ಹಚ್ಚಿದ್ದಾಳೆ ಬಂಡೆಮ್ಮ, ಯಂಕಮ್ಮ ಬಗ್ಗಿದಳು, ಮುತ್ತು ಕೊಡೋಣವೆಂದು, ಬಾಯಲ್ಲಿ ವಾಸನೆಯಿಲ್ಲ, ಕೈಯಲ್ಲಿ ಬಾಟಲಿಯಿಲ್ಲ, ಆದರೂ ಗುರುದೇವಿ ಕಣ್ಣು ಮುಚ್ಚಿಕೊಂಡಳು, ಬಾಯಿ ತೆರೆದಳು, ನಾಲಿಗೆ ಚಾಚಿದಳು. ಸೋದರತ್ತೆ ಬಗ್ಗಿದರೆ ಕೂಸು ನಗುತ್ತದೆ, ಅಪ್ಪ ಬಗ್ಗಿದರೆ ಮಾಲೆ ಹಿಡಿದು ಜಗ್ಗುತ್ತದೆ. ಯಂಕಮ್ಮ ಮುತ್ತು ಕೊಡದೆ ಓಡಿಬಂದಳು.

ಬಾ ತಂಗಿ, ಒಳಗ ಬಾ, ಯಾಕ ಗ್ವಾಡಿ ನೋಡಕೋತ ನಿಂತಿ — ಕನ್ನಡ. ಮೆಹದಿಪಟ್ಟಣಂನಲ್ಲಿ ಕನ್ನಡ. ದಪ್ಪನೆಯ ಹೆಂಗಸು, ಕೈಯಲ್ಲಿ ಚಹದ ಫ್ಲಾಸ್ಕು, ನಾ ಶೋಭಾ, ಬೀದರ ಕಡೆಯಾಕಿ, ಇಲ್ಲಿಗೆ ಬಂದು ಭಾಳ ವರ್ಷಾತು, ನೀವು ಯಾದಗಿರಿ ಕಡೆಯವರೇನು, ಸೆರಗು ಉಟ್ಟಿದ್ದು ನೋಡಿದ್ರ ಗೊತ್ತಾಗ್ತದ. ಯಂಕಮ್ಮನಿಗೆ ಒಮ್ಮೆಲೇ ಅಳು ಬಂತು, ಹೇಳಿಬಿಡಬೇಕು, ಇಲ್ಲಿಯೇ, ಅಂಗಳದಲ್ಲೇ, ಶೋಭಕ್ಕಾ ಕುಡಿಯಾಕಿ ನಾ, ಆದರೆ ಶೋಭಾ ಆಗಲೇ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಹುಲಗೇಶನ ನಿದ್ದೆಗೆಟ್ಟ ಕೆಂಪು ಕಣ್ಣು ನೋಡಿದ್ದಳು, ಎಲ್ಲರೂ ಅವನ ಕಣ್ಣನ್ನೇ ಯಾಕೆ ನೋಡುತ್ತಾರೆ, ಏ ಇವರ, ಇಲ್ನೋಡ್ರಿ, ಹೊಸಾ ಮನಶ್ಯಾ ಬಂದಾನ, ಎಂದು ಗಂಡನನ್ನು ಕೂಗಿದಳು, ಒಳಗಿನಿಂದ ಸೋಮಣ್ಣ ಬಂದ, ಲಾರಿ ಡ್ರೈವರನಾಗಿದ್ದವನು, ಕುಡಿದು ಲಾರಿ ಹಳ್ಳಕ್ಕೆ ಇಳಿಸಿ ಈಗ ಬಿಟ್ಟವನು ಎಂದು ಶೋಭಾ ನಡೆಯುತ್ತ ನಡೆಯುತ್ತ ಹೇಳಿದಳು, ಹೆಮ್ಮೆಯಿಂದಲೇ ಹೇಳಿದಳು. ಸೋಮಣ್ಣ ಹುಲಗೇಶನ ರಟ್ಟೆ ಹಿಡಿದ, ಬಾ ತಮ್ಮಾ, ನಾಚಬ್ಯಾಡ, ನಾನೂ ಹಿಂಗ ಇದೇ ಗಿಡದ ಕೆಳಗ ಕುಂತಿದ್ದೆ. ಹುಲಗೇಶ, ಇಲ್ರಿ, ನಾ ಕುಡಿಯಂಗಿಲ್ರಿ. ಸೋಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಮೊದಲ ದಿನ ಎಲ್ಲಾರೂ ಹಂಗ ಅಂತಾರಪ್ಪ, ನಾನಂತೂ ನಮ್ಮವ್ವನ ಆಣೆ ಮಾಡಿದ್ದೆ. ಹುಲಗೇಶ ತಿರುಗಿ ಯಂಕಮ್ಮನನ್ನು ನೋಡಿದ, ಏನು ಮಾಡಲಿ ಎನ್ನುವ ಹಾಗೆ, ಅವಳು ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ, ಅವನು ಎಡಗಡೆಯ ಬಾಣದ ಕಡೆಗೆ ಹೋದ, ಅವಳು ಬಲಗಡೆ.

ಚಿಕ್ಕ ಮಕ್ಕಳ ಶಾಲೆ, ಬೆಂಚುಗಳು ಮೊಣಕಾಲಿನಷ್ಟು ಎತ್ತರ, ಕೂತರೆ ಏಳಲಾಗದು, ನಡುವೆ ಹಲಗೆಯ ಗೋಡೆ, ಆಚೆ ಗಂಡಸರ ಕೆಮ್ಮು ಕೇಳುತ್ತಿದೆ, ಈಚೆ ಹೆಂಗಸರು, ಬುರ್ಖಾದವಳೊಬ್ಬಳು, ಹೂ ಮುಡಿದ ತೆಲುಗಿನವಳು, ಕೊರಳಲ್ಲಿ ಆಫೀಸಿನ ಪಟ್ಟಿ ಹಾಕಿಕೊಂಡ ಹುಡುಗಿ, ಭಾನುವಾರವೂ ಆಫೀಸೇ ಪಾಪ, ಆ ಹುಡುಗಿಯ ಮುಂದೆ ನೀರಿನ ಬಾಟಲಿ, ನೀಲಿ ಮುಚ್ಚಳ. ನೋಡಬಾರದು. ಗೋಡೆಯ ಮೇಲೆ ಅಕ್ಷರದ ಪಟ, ಆನೆ, ಇಲಿ, ಅದನ್ನು ನೋಡು, ಆನೆಯನ್ನು ನೋಡು. ಇವರೆಲ್ಲರ ಗಂಡಂದಿರೂ ಹಲಗೆಯಾಚೆ ಇದ್ದಾರೆ, ಇಲ್ಲ, ಆ ಹುಡುಗಿಯ ಗಂಡ ಬರುವುದೇ ಇಲ್ಲವಂತೆ, ರಾತ್ರಿಯೆಲ್ಲ ಅಮೆರಿಕದವರ ಜೊತೆ ಫೋನು, ಹಗಲೆಲ್ಲ ಕುಡಿತ, ಆದರೂ ಅವಳು ಬರುತ್ತಾಳೆ. ಒಬ್ಬೊಬ್ಬರೇ ಹೇಳುತ್ತಾರೆ, ಶೋಭಾ ಮೆಲ್ಲಗೆ ಕನ್ನಡ ಮಾಡಿ ಹೇಳುತ್ತಾಳೆ, ಗೋಡೆಗೆ ತಟ್ಟೆ ಎಸೆದನಂತ, ಮಗಳ ಕಾಲ್ಗೆಜ್ಜಿ ಮಾರಿದನಂತ, ಯಂಕಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಾಳೆ, ಗೊತ್ತು, ಗೊತ್ತು, ಎಸೆದ ಕೈಗೆ ಗೊತ್ತು, ಇವರು ತಟ್ಟೆಯ ಸದ್ದು ಕೇಳಿದವರು, ತಾನು ಎಸೆದವಳು, ಇದು ತನ್ನ ಜಾಗವಲ್ಲ, ಎದ್ದುಹೋಗಬೇಕು, ಬೆಂಚು ಬಿಡುವುದಿಲ್ಲ. ಈಗ ನೀ ಹೇಳು ತಂಗಿ, ಇಲ್ಲಿ ಹೇಳಿದ್ದು ಇಲ್ಲೇ ಇರತದ, ಹೊರಗ ಹೋಗಂಗಿಲ್ಲ.

ಆತ, ಎಂದು ಬಾಯಿಗೆ ಬಂತು. ನಾನು ಎಂದು ಹೊರಟದ್ದು ತುಟಿಗೆ ಬರುವಷ್ಟರಲ್ಲಿ ಆತ ಆಗಿಬಿಟ್ಟಿತ್ತು, ಆಮೇಲೆ ಹಿಡಿಯಲಾಗಲಿಲ್ಲ, ಆತ ಮುಂಜಾನೆ ಏಳತಾನ್ರಿ, ಮಕ ತೊಳಿಯೋದಕ್ಕ ಮೊದಲ ಬಾಟ್ಲಿ ಹುಡುಕತಾನ, ಕೈ ನಡಗತಾವ್ರಿ, ಒಂದು ಗುಟುಕು ಬಿದ್ರ ನಿಲ್ಲತಾವ, ನಾಳಿಂದ ಬಿಡತೀನಿ ಅಂತಾನ, ಖರೇನ ಬಿಡಬೇಕಂತಾನ, ಅವಗ ಭಾಳ ನಾಚಿಕಿ ಐತ್ರಿ, ನಾಚಿಕಿ ಆತು ಅಂತ ಮತ್ತ ಕುಡಿತಾನ, ಅನ್ನುತ್ತ ಹೋದಳು, ಇಷ್ಟು ಸರಾಗವಾಗಿ ತನ್ನ ಬಗ್ಗೆ ಯಾರಿಗೂ ಹೇಳಿರಲಿಲ್ಲ, ಹೆಸರು ಬೇರೆ ಹಾಕಿದರೆ ಎಷ್ಟು ಸುಲಭ, ಶೋಭಾ ಹಿಂದಿ ಮಾಡುತ್ತಿದ್ದಾಳೆ, ಹೂ ಮುಡಿದವಳು ಲೊಚಗುಟ್ಟುತ್ತಿದ್ದಾಳೆ, ಸ್ಲ್ಯಾಬಿನ ದಿನವೂ ಬಂತು, ಜೋಲಿಯೂ ಬಂತು, ಕೂಸಿಗೆ ಕುಡಿಸಿದ್ರಿ, ಒಂದ ಮುಚ್ಚಳಲ್ಲ, ಮುಚ್ಚಳದ ಮ್ಯಾಲೆ ಮುಚ್ಚಳ, ತನಗ ಕುಡಿಯಾಕ ಅಡ್ಡಿ ಆಗಬಾರದು ಅಂತ. ಪಟ್ಟಿ ಹಾಕಿಕೊಂಡ ಹುಡುಗಿ ಅಳುತ್ತಿದ್ದಾಳೆ, ಅಳುತ್ತಲೇ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು, ಕಟಕಟ. ಶೋಭಾ ಯಂಕಮ್ಮನ ನಡುಗುವ ಕೈ ಹಿಡಿದಳು, ಎಷ್ಟು ಬೆಚ್ಚಗಿದೆ ಆ ಕೈ, ತಂಗಿ, ನಾ ಯಾರ ಸಂಸಾರನೂ ಮುರಿಯಾಕಿ ಅಲ್ಲ, ಖರೆ ಅಂಥವನ ಕೈಯಾಗ ಕೂಸು ಕೊಡಬ್ಯಾಡ, ಯಾವತ್ತೂ ಕೊಡಬ್ಯಾಡ. ಯಂಕಮ್ಮ ಹೂಂ ಎಂದಳು. ಅಂದ ಮೇಲೆ ಅರ್ಥವಾಯಿತು, ಯಾರ ಕೈ ಎಂದು.

ಹಲಗೆಯಾಚೆ ಚಪ್ಪಾಳೆ. ಯಾರೋ ಹಿಂದಿಯಲ್ಲಿ ಹೆಸರು ಹೇಳಿ ಶರಾಬಿ ಎಂದ, ಎಲ್ಲರೂ ನಮಸ್ತೆ ಎಂದರು, ಇನ್ನೊಬ್ಬ ತೆಲುಗಿನಲ್ಲಿ, ಮತ್ತೆ ನಮಸ್ತೆ, ಆಮೇಲೆ ಸೋಮಣ್ಣನ ದನಿ, ಏಳಪ್ಪ, ಕನ್ನಡದಾಗೇ ಹೇಳು, ನಾ ಹೇಳತೀನಿ ಇವರಿಗೆ, ಮತ್ತೆ ಬೆಂಚು ಕಿರುಗುಟ್ಟಿದ ಸದ್ದು. ಆತ ಕುಡಿಯಂಗಿಲ್ಲ ಅಂತಾನೆ, ಈಗಲೂ ಹಾಗೇ ಅಂತಾನೆ, ಮತ್ತೆ ಎಲ್ಲರೂ ನಗುತ್ತಾರೆ, ಆತ ಹೊರಗೆ ಬರುತ್ತಾನೆ, ಮನೆಗೆ ಹೋಗುತ್ತೇವೆ, ಬಂಡೆಮ್ಮ ಕೇಳುತ್ತಾಳೆ, ಒಪ್ಕೊಂಡಳೇನೋ, ಆತ ಇಲ್ಲ ಅಂತಾನೆ, ಸುಳ್ಳಿಲ್ಲವಲ್ಲ — ನನ್ನ ಹೆಸರು ಹುಲಗೇಶರಿ, ಎಂದಿತು ಹಲಗೆಯಾಚೆಯ ದನಿ. ಕುಡಿತೀನ್ರಿ ನಾ. ಯಂಕಮ್ಮ ಆನೆಯನ್ನು ನೋಡುತ್ತಿದ್ದಾಳೆ, ಆನೆ ಕಾಣುತ್ತಿಲ್ಲ. ಭಾಳ ಕುಡಿತೀನ್ರಿ, ಕೂಸಿಗೂ ಕುಡಿಸೀನ್ರಿ, ನಂದ ತಪ್ಪು, ಬಿಡಬೇಕಂತ ಬಂದೀನ್ರಿ. ಸೋಮಣ್ಣನ ಹಿಂದಿ, ನಮಸ್ತೆ, ಚಪ್ಪಾಳೆ. ಹೀಗೇ ಅವನು, ಎಡವಟ್ಟು ಮನುಷ್ಯ, ಅವಳಿಗೆ ಕಾಮಾಲೆಯಾದ ವರ್ಷ ಅವಳ ಪಾಲಿನ ಉರುಳುಸೇವೆಯನ್ನು ತಾನೇ ಉರುಳಿದ್ದ, ಮೈಯೆಲ್ಲ ತರಚಿಕೊಂಡು, ಹೆಂಡತಿ ಹರಕೆ ಗಂಡ ತೀರಿಸಬೌದು, ದೇವರು ಒಪ್ಪತಾನ, ಎಂದಿದ್ದ, ಈಗ ಇದನ್ನೂ ಹಾಗೆಯೇ ಉರುಳುತ್ತಿದ್ದಾನೆ, ಅವಳ ಕುಡಿತವನ್ನು ಅವನು ಒಪ್ಪಿಕೊಂಡರೆ ಅವಳದು ಬಿಡುತ್ತದೆ ಎಂದುಕೊಂಡಿದ್ದಾನೆ, ನಾಳೆ ಬಂಡೆಮ್ಮನಿಗೂ ಹೂಂ ಎನ್ನುತ್ತಾನೆ, ಕೂಸು ಮಗ್ಗುಲಲ್ಲಿ ಇರುತ್ತದೆ, ಬಾಟಲಿಯೂ ಇರುತ್ತದೆ. ಇಂವನೇ ಏನು, ಎಂದು ಬುರ್ಖಾದವಳು ಹಿಂದಿಯಲ್ಲಿ ಶೋಭಾಳನ್ನು ಕೇಳುತ್ತಿದ್ದಾಳೆ, ಇಂಥವನ ಮುಖಕ್ಕೆ ಚಪ್ಪಾಳೆಯೇ, ಹೂ ಮುಡಿದವಳು ತೂ ಎಂದಳು, ಕಿಟಕಿಯಾಚೆ ಉಗಿದಳು, ಹುಲಗೇಶನ ಮೇಲೆ ಉಗಿದಳು.

ಎದ್ದಳು. ಬೆಂಚು ಈಗ ಬಿಟ್ಟಿತು. ಎಲ್ಲಿಗೆ ತಂಗಿ, ಎಂದು ಶೋಭಾ ಕೇಳುತ್ತಿದ್ದಾಳೆ, ಅಂಗಳ, ಗೋಡೆ, ಎರಡು ಬಾಣ, ಬಲಗಡೆಯದರಿಂದ ಎಡಗಡೆಯದಕ್ಕೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕೈ ನಡುಗಲಿ, ಕಾಣಲಿ, ಬಾಗಿಲು. ಗಂಡಸರೆಲ್ಲ ತಿರುಗಿ ನೋಡಿದರು. ತಂಗಿ, ನಿಮ್ಮ ಖೋಲಿ ಆ ಕಡೆ ಅದ, ಎಂದ ಸೋಮಣ್ಣ, ಮರ್ಯಾದೆಯಿಂದಲೇ ಎಂದ. ಹುಲಗೇಶ ಇನ್ನೂ ನಿಂತಿದ್ದಾನೆ, ಅಂಗಿಯ ಗುಂಡಿಗಳನ್ನು ಗಂಟಲಿನ ತನಕ ಹಾಕಿಕೊಂಡಿದ್ದಾನೆ, ಈ ಸೆಕೆಯಲ್ಲಿ, ಎಂದೂ ಹಾಕದ ಮೇಲಿನ ಗುಂಡಿ, ಕತ್ತಿನ ನರ ಉಬ್ಬಿದೆ, ಮಾಲೆ ಕಾಣುವುದಿಲ್ಲ, ಮಾಲೆಗೆ ಕೇಳಿಸದಿರಲೆಂದು ಮುಚ್ಚಿಟ್ಟು ಸುಳ್ಳು ಹೇಳಿದ್ದಾನೆ ಪುಣ್ಯಾತ್ಮ, ಬದುಕಿನಲ್ಲಿ ಒಂದೇ ಒಂದು ಸುಳ್ಳು, ಅದನ್ನೂ ಇವಳಿಗಾಗಿ. ಬ್ಯಾಡ, ಎಂದು ಕಣ್ಣಲ್ಲೇ ಹೇಳುತ್ತಿದ್ದಾನೆ, ಹೋಗು. ಆತ ಅಲ್ರಿ, ಎಂದಳು ಯಂಕಮ್ಮ. ಸೋಮಣ್ಣನಿಗೆ ತಿಳಿಯಲಿಲ್ಲ. ಆತ ಮಾಲಿ ಹಾಕ್ಯಾನ್ರಿ, ಹನಿ ಮುಟ್ಟಂಗಿಲ್ಲ, ಗುಂಡಿ ಬಿಚ್ಚಿ ನೋಡ್ರಿ, ನಾ ಯಂಕಮ್ಮರಿ, ಕುಡಿಯಾಕಿ ನಾ, ಕೂಸಿಗೆ ಕುಡಿಸಿದಾಕಿ — ಮುಂದೆ ಬರುತ್ತಿಲ್ಲ, ಬಾಯಿ ತೆರೆದೇ ಇದೆ, ಯಾರೂ ನಮಸ್ತೆ ಎನ್ನುತ್ತಿಲ್ಲ, ಇದಕ್ಕೆ ನಮಸ್ತೆ ಎನ್ನಬೇಕೋ ಬೇಡವೋ ಅವರಿಗೂ ಗೊತ್ತಿಲ್ಲ, ಹುಲಗೇಶನ ಕೈ ಕೊರಳಿನ ಗುಂಡಿ ಬಿಚ್ಚಲು ಹೋಗುತ್ತಿದೆ, ಅವಳ ಬಾಯಿ ತೆರೆದಿದೆ, ಅಲ್ಲಿ ತಗಡಿನ ಮನೆಯಲ್ಲಿ ಗುರುದೇವಿಯ ಬಾಯಿ ತೆರೆದಿದೆ, ಕಣ್ಣು ಮುಚ್ಚಿ, ನಾಲಿಗೆ ಚಾಚಿ, ಅವ್ವ ಬಂದಳೆಂದು, ನಾಲಿಗೆಯ ತುದಿಯಲ್ಲಿ ಏನೂ ಇಲ್ಲ, ಕೂಸು ಕಾಯುತ್ತಿದೆ, ಬಾಯಿ ತೆರೆದು